ಕಾಂಗರೂ ಅಂದ್ರೆ ‘ನಂಗೊತ್ತಿಲ್ಲ’ ಅಲ್ಲ: ಆಸ್ಟ್ರೇಲಿಯಾದ ಕನ್ನಡ ಶಾಲೆಗಳಿಗೊಂದು ಬಹಿರಂಗ ಪತ್ರ

ಆಸ್ಟ್ರೇಲಿಯಾದ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಕನ್ನಡ ಶಾಲೆಗಳ ಮೇಷ್ಟ್ರು, ಮೇಡಂಗಳಿಗೆ,

ವಿಷಯ: ಪ್ರಾಣಿಗಳ ಪಾಠದಲ್ಲಿ ಈ ನೆಲದ ಹೆಸರುಗಳೂ ಇರಲಿ ಎಂಬ ಬಗ್ಗೆ

ಮಾನ್ಯರೇ, ನಮಸ್ಕಾರ.

ನಾನಿರುವುದು ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ. ಕೈರ್ನ್ಸ್‌ನಿಂದ ಘಾಟಿ ಹತ್ತಿದರೆ ಆಥರ್ಟನ್ ಪ್ರಸ್ಥಭೂಮಿ ಸಿಗುತ್ತದೆ, ಅಲ್ಲಿ. ತವರು ಕೊಪ್ಪದ ಹತ್ತಿರ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಕಾಲಿಗೆ ಇಂಬಳ ಹತ್ತಿದಾಗ ನಕ್ಕುಬಿಟ್ಟಿದ್ದೆ. ಇಷ್ಟು ದೂರ ಬಂದರೂ ಬಿಡಲಿಲ್ಲವಲ್ಲ ಅಂತ. ಸಂಘ ಕಟ್ಟುವಷ್ಟು ಕನ್ನಡದ ಮನೆಗಳು ನಮ್ಮ ಸುತ್ತಮುತ್ತ ಇಲ್ಲ. ಹಾಗಾಗಿ ಒಂಬತ್ತು ವರ್ಷದ ನನ್ನ ಮಗಳು ಭಾನುವಾರ ಬೆಳಗ್ಗೆ ಬೇರೆ ಊರಿನ ಕನ್ನಡ ಶಾಲೆಗೆ ಆನ್‌ಲೈನ್‌ನಲ್ಲಿ ಕೂರುತ್ತಾಳೆ. ಯಾವ ಶಾಲೆ, ಯಾರು ಮೇಷ್ಟ್ರು ಅನ್ನುವುದು ಇಲ್ಲಿ ಬೇಡ. ತಮ್ಮ ರಜೆ ಬಿಟ್ಟು, ಬಿಡಿಗಾಸೂ ತೆಗೆದುಕೊಳ್ಳದೆ ಕಲಿಸುವವರು ಅವರು. ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಅವತ್ತು ಅವರು ಆಡಿದ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದ್ದೇವೆ.

ಅವತ್ತಿನ ಪಾಠ ‘ಪ್ರಾಣಿಗಳು’. ಪರದೆ ಮೇಲೆ ಆನೆ, ಹುಲಿ, ಕರಡಿ, ನವಿಲು. ಕೊನೆಗೆ, ಮಕ್ಕಳು ಆಸ್ಟ್ರೇಲಿಯಾದವರು ಅಲ್ವಾ ಅಂತ ಒಂದು ಕಾಂಗರೂ. ಆಗ ಮೇಷ್ಟ್ರು ಆ ಹಳೇ ಕಥೆ ಹೇಳಿದರು. ಬಿಳಿಯರು ಬಂದು ‘ಇದೇನು’ ಅಂತ ಕೇಳಿದರಂತೆ, ಆದಿವಾಸಿ ‘ಕಾಂಗರೂ’ ಅಂದನಂತೆ, ಹಾಗಂದ್ರೆ ಅವನ ಭಾಷೆಯಲ್ಲಿ ‘ನಂಗೊತ್ತಿಲ್ಲ’ ಅಂತಂತೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದ ನನಗೆ ನಗು ಬರಲಿಲ್ಲ. ಯಾಕಂದ್ರೆ ಇದೇ ಕಥೆಯನ್ನು ನಾನೂ ಊರಲ್ಲಿ ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ಅದು ಸುಳ್ಳು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದಮೇಲೆ.

ನಡೆದದ್ದು ಇದು. 1770ರ ಜೂನ್‌ನಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು ತಳ ಒಡೆಯಿತು. ರಿಪೇರಿಗೆ ಅಂತ ಈಗಿನ ಕುಕ್‌ಟೌನ್ ಇರುವ ಹೊಳೆಬಾಯಲ್ಲಿ ಸುಮಾರು ಏಳು ವಾರ ನಿಂತಿತು. ಅಲ್ಲಿಯವರ ನುಡಿ ಗೂಗು ಯಿಮಿದಿರ್. ಅವರು ಹೇಳಿದ್ದು ‘ಗಂಗುರು’. ಅದು ಒಂದು ಜಾತಿಯ ದೊಡ್ಡ ಕಾಂಗರೂವಿನ ಹೆಸರು. ಬೇರೆ ಜಾತಿಗಳಿಗೆ ಬೇರೆ ಹೆಸರುಗಳಿದ್ದವು. 1788ರಲ್ಲಿ ಸಿಡ್ನಿಗೆ ಬಂದಿಳಿದ ಇಂಗ್ಲಿಷರು ಈ ಪದವನ್ನು ಅಲ್ಲಿಯವರ ಮುಂದೆ ಆಡಿದರು. ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸಾವಿರ ಕಿಲೋಮೀಟರ್ ಆಚೆಯ ಬೇರೆಯೇ ನುಡಿ ಅದು, ಹೇಗೆ ಅರ್ಥವಾದೀತು? ತುಮಕೂರಲ್ಲಿ ಕಲಿತ ಪದವನ್ನು ಕಲ್ಕತ್ತೆಯಲ್ಲಿ ಆಡಿ, ಇವರಿಗೇನೂ ಗೊತ್ತಿಲ್ಲ ಅಂದ ಹಾಗಾಯ್ತು. 1820ರಲ್ಲಿ ಇನ್ನೊಬ್ಬ ನೌಕಾಧಿಕಾರಿ ಅದೇ ಹೊಳೆಬಾಯಿಗೆ ಹೋಗಿ ಕೇಳಿದಾಗ ಬೇರೆ ಪದ ಸಿಕ್ಕಿತು. ಅದು ‘ತಿನ್ನುವ ಪ್ರಾಣಿ’ ಅನ್ನುವ ಸಾಮಾನ್ಯ ಪದ. ಅಲ್ಲಿಂದ ಅನುಮಾನ ಶುರುವಾಗಿ ‘ನಂಗೊತ್ತಿಲ್ಲ’ ಕಥೆಗೆ ದಾರಿಯಾಯ್ತು. ಕೊನೆಗೆ 1970ರ ದಶಕದಲ್ಲಿ ಜಾನ್ ಹ್ಯಾವಿಲೆಂಡ್ ಎಂಬ ಭಾಷಾಶಾಸ್ತ್ರಜ್ಞ ಅದೇ ಜನರ ನಡುವೆ ಕೂತು ಕಲಿತ. ‘ಗಂಗುರು’ ಇನ್ನೂ ಅವರ ಬಾಯಲ್ಲೇ ಇತ್ತು.

ಗೊತ್ತಿಲ್ಲದೇ ಇದ್ದದ್ದು ಕೇಳಿದವರಿಗೆ. ಗೊತ್ತಿದ್ದು ಹೇಳಿದವರನ್ನು ಪೆದ್ದರನ್ನಾಗಿ ಮಾಡಿ ಇನ್ನೂರು ಚಿಲ್ಲರೆ ವರ್ಷದಿಂದ ನಗುತ್ತಿದ್ದೇವೆ. ಅದೂ ಕನ್ನಡದಲ್ಲಿ, ಅದೂ ನುಡಿ ಕಲಿಸುವ ಕ್ಲಾಸಲ್ಲಿ.

ಅವತ್ತು ಅಷ್ಟಕ್ಕೇ ಮುಗಿಯಲಿಲ್ಲ. ಮಗಳು ಕೈ ಎತ್ತಿ, ‘ಮೇಷ್ಟ್ರೇ, ನಮ್ಮನೆ ಹತ್ರ ಮರದ ಮೇಲೂ ಕಾಂಗರೂ ಇದೆ, ಅದರ ಹೆಸರು ಮಬಿ’ ಅಂದಳು. ಮೇಷ್ಟ್ರು, ‘ಮರಕಾಂಗರೂ ಅನ್ನಮ್ಮ, ಸಾಕು. ಮಬಿ ಅನ್ನೋದೆಲ್ಲ ಅವರ ಬಾಯ್ಮಾತು, ಅದಕ್ಕೆ ಲಿಪಿ ಇಲ್ಲ’ ಅಂದರು. ಗಡಸಾಗಿ ಏನೂ ಅನ್ನಲಿಲ್ಲ. ಸುಮ್ನೆ ಮುಂದಿನ ಚಿತ್ರಕ್ಕೆ ಹೋದರು. ಆದರೆ ಆ ‘ಲಿಪಿ ಇಲ್ಲ’ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತುಳುವರನ್ನು, ಕೊಡವರನ್ನು ಕೇಳಿ ನೋಡಿ, ಈ ಮಾತು ಎಷ್ಟು ಚುಚ್ಚುತ್ತದೆ ಅಂತ.

ಮಬಿ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಯಿಂದ ಕಾರಲ್ಲಿ ಅರ್ಧ ಗಂಟೆ ಹೋದರೆ ಒಂದು ಚಹಾ ತೋಟ. ಅದರ ಅಂಚಿನ ಮರಗಳಲ್ಲಿ ಸಂಜೆ ಹೊತ್ತು ನೋಡಬೇಕು. ಮೊದಲು ಕಾಣುವುದು ಬಾಲ. ಗಡಿಯಾರದ ಲೋಲಕದ ಹಾಗೆ ನೆಟ್ಟಗೆ ಕೆಳಗೆ ಇಳಿಬಿದ್ದಿರುತ್ತದೆ. ಆಮೇಲೆ ಅದರ ಮೇಲೊಂದು ಕಂದು ಮುದ್ದೆ, ಮಸಿ ಬಳಿದಂಥ ಕಪ್ಪು ಮುಖ. ಇಳಿಯುವಾಗ ತೆಂಗಿನ ಮರ ಇಳಿಯುವವರ ಹಾಗೆ ಕಾಂಡ ತಬ್ಬಿಕೊಂಡು ಹಿಂದುಹಿಂದಕ್ಕೆ ಇಳಿಯುತ್ತದೆ. ಮಗಳು ಬಾಲಗಳನ್ನು ಎಣಿಸುತ್ತಾಳೆ. ಅವಳ ದಾಖಲೆ ಐದು.

ಇಂಗ್ಲಿಷಿನಲ್ಲಿ ಇದು ಲುಮ್‌ಹೋಲ್ಟ್ಸ್‌ನ ಮರಕಾಂಗರೂ. ಕಾರ್ಲ್ ಲುಮ್‌ಹೋಲ್ಟ್ಸ್ 1880ರ ದಶಕದ ಮೊದಲಲ್ಲಿ ಬಂದ ನಾರ್ವೆಯವನು. ಇಲ್ಲಿಂದ ದಕ್ಷಿಣಕ್ಕೆ ಹರ್ಬರ್ಟ್ ನದಿ ಕಡೆ ಇದ್ದ. ಅಲ್ಲಿಯ ಆದಿವಾಸಿಗಳೇ ಅವನಿಗೆ ಇದರ ಸುದ್ದಿ ಹೇಳಿದ್ದು, ಅವರ ಬೇಟೆಯೇ ಅವನ ಕೈಗೆ ಇದನ್ನು ತಂದುಕೊಟ್ಟದ್ದು. ಅಲ್ಲಿಯ ಹೆಸರು ‘ಬೂಂಗರಿ’ ಅಂತ ಅವನೇ ಬರೆದುಕೊಂಡಿದ್ದಾನೆ. ಆದರೂ 1884ರಲ್ಲಿ ವಿಜ್ಞಾನದ ಪಟ್ಟಿಗೆ ಸೇರಿದ್ದು ಅವನ ಹೆಸರು. ಮನೆ ಕಟ್ಟಿದವರು ಯಾರೋ, ಬೋರ್ಡು ಯಾರದೋ. ಪುಣ್ಯಕ್ಕೆ ಈ ಪ್ರಾಣಿ ಬದುಕುವ ಕಾಡಿಗೆ ಈಗ ಸರಕಾರದ ಕಾಗದದಲ್ಲೂ ‘ಮಬಿ ಕಾಡು’ ಅಂತಲೇ ಹೆಸರು. ಬಹುಪಾಲು ಕಡಿದು ಹಸುಗಾವಲು, ಹೊಲ ಮಾಡಿ ಆಗಿದೆ. ಯುಂಗಬುರ‍್ರಾ ಹತ್ತಿರದ ‘ಪರದೆ ಆಲ’ ಅನ್ನುವ, ಬಿಳಲುಗಳು ಪರದೆಯ ಹಾಗೆ ಇಳಿಬಿದ್ದ ಮರದ ಸುತ್ತ, ಟೋಲ್ಗಾ ಊರಲ್ಲಿ, ಹೀಗೆ ಅಲ್ಲೊಂದು ಇಲ್ಲೊಂದು ತುಂಡು ಉಳಿದಿದೆ.

ಈ ‘ಮಬಿ’ ಇರುವ ನುಡಿಗಳಲ್ಲಿ ಒಂದನ್ನು ಪುಸ್ತಕಗಳಲ್ಲಿ ‘ಡಿರ್ಬಲ್’ ಅನ್ನುತ್ತಾರೆ. ಅದನ್ನು ಆಡುವ ಜನ ತಮ್ಮನ್ನು ಕರೆದುಕೊಳ್ಳುವುದು ಜಿರ್ಬಲ್, ಗಿರಮಯ್, ಮಮು, ಙಜನ್ ಅಂತ. ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ ಅಂದುಕೊಳ್ಳಿ. 1963ರಲ್ಲಿ ಆರ್. ಎಂ. ಡಬ್ಲ್ಯೂ. ಡಿಕ್ಸನ್ ಎಂಬ ಭಾಷಾಶಾಸ್ತ್ರಜ್ಞ ಇಲ್ಲಿಗೆ ಬಂದು, ಕ್ಲೋಯಿ ಗ್ರಾಂಟ್, ಜಾರ್ಜ್ ವಾಟ್ಸನ್ ಮೊದಲಾದ ಹಿರಿಯರಿಂದ ಇದನ್ನು ಕಲಿತು, 1972ರಲ್ಲಿ ವ್ಯಾಕರಣ ಪ್ರಕಟಿಸಿದ. ನಾನೇನೂ ಪಂಡಿತೆ ಅಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ. ಲೈಬ್ರರಿಯಿಂದ ತಂದು, ಅರ್ಥವಾದಷ್ಟು ಓದಿದೆ. ಅರ್ಥವಾದಷ್ಟರಲ್ಲೇ ದಂಗಾದೆ.

ನಮ್ಮಲ್ಲಿ ಮೂರು ಲಿಂಗ. ಪ್ರಾಣಿಗಳೆಲ್ಲ ಸಾಮಾನ್ಯವಾಗಿ ‘ಅದು’. ನಾಯಿ ಬಂತು, ಹಕ್ಕಿ ಹಾರಿತು. ಇವರಲ್ಲಿ ನಾಲ್ಕು ಗುಂಪು, ಹೆಸರಿನ ಹಿಂದೆ ಒಂದೊಂದು ಗುರುತಿನ ಪದ: ಬಯಿ, ಬಲನ್, ಬಲಮ್, ಬಲ. ಗಂಡಸರು, ಕಾಂಗರೂಗಳು, ಬಾವಲಿ, ಹೆಚ್ಚಿನ ಹಾವು ಮೀನುಗಳು ‘ಬಯಿ’. ಹೆಂಗಸರು, ನೀರು, ಬೆಂಕಿ, ನಾಯಿ, ಪ್ಲಾಟಿಪಸ್ ‘ಬಲನ್’. ಹಕ್ಕಿಗಳೂ ಬಹುಪಾಲು ಬಲನ್, ಯಾಕಂದ್ರೆ ತೀರಿಕೊಂಡ ಹೆಂಗಸರ ಜೀವಗಳೇ ಹಕ್ಕಿಗಳು ಅಂತ ನಂಬಿಕೆ. ಆದರೆ ಅಂಗಳದಲ್ಲಿ ಬಾಲ ಕುಣಿಸುತ್ತ ಓಡಾಡುವ ಒಂದು ಕರಿ-ಬಿಳಿ ಪುಟ್ಟ ಹಕ್ಕಿ ಇದೆ, ಜಿಗಿರ್‌ಜಿಗಿರ್. ಅದು ಬಯಿ, ಕಥೆಯಲ್ಲಿ ಅದು ಗಂಡಸು. ಮೀನು ಬಯಿ, ಆದರೆ ಮುಳ್ಳು ಚುಚ್ಚಿ ವಿಷವೇರಿಸುವ ಕಲ್ಲುಮೀನು ಬಲನ್. ಸೂರ್ಯ ಬಲನ್, ಚಂದ್ರ ಬಯಿ. ಅವಳು ಹೆಂಡತಿ, ಅವನು ಗಂಡ. ನಮ್ಮಲ್ಲಿ ಸೂರ್ಯ ಹುಟ್ಟಿದ, ಚಂದ್ರ ಬಂದ, ಇಬ್ಬರೂ ಗಂಡಸರೇ. ಒಂದು ಜಾತಿಯ ಕಂಬಳಿಹುಳವೂ ಸೂರ್ಯನ ಗುಂಪಿನಲ್ಲೇ ಇದೆ. ಕಾರಣ ಕೇಳಿ. ಅದು ತಾಗಿದರೆ ಬಿಸಿಲಿಗೆ ಚರ್ಮ ಸುಟ್ಟ ಹಾಗೆ ಉರಿಯುತ್ತದೆ. ಜೇನುಹುಳ ‘ಬಲ’ ಗುಂಪು, ಜೇನುತುಪ್ಪ ಮಾತ್ರ ತಿನ್ನುವ ಹಣ್ಣು-ಗೆಡ್ಡೆಗಳ ‘ಬಲಮ್’ ಗುಂಪು. ಆಮೇಲೆ ಬಂದ ಕೇಕು, ಸಿಗರೇಟನ್ನೂ ಅದೇ ಗುಂಪಿಗೆ ತಳ್ಳಿದರಂತೆ. ಒಳ್ಳೆ ಲೆಕ್ಕಾಚಾರ.

ಅಂದರೆ ಒಂದು ಪ್ರಾಣಿಯ ಹೆಸರು ಕಲಿಯುವಾಗ ಅದರ ಹಿಂದಿನ ಪುಟ್ಟ ಪದವನ್ನೂ ಕಲಿಯಬೇಕು. ಆ ಪುಟ್ಟ ಪದ ಕಲಿಯಬೇಕಾದರೆ ಅದು ಕಚ್ಚುತ್ತದೋ, ಅದರ ಕಥೆಯೇನು, ಅದು ಯಾರ ಹೆಂಡತಿ ಅಂತೆಲ್ಲ ತಿಳಿದಿರಬೇಕು. ‘ಮರಕಾಂಗರೂ ಅನ್ನು, ಸಾಕು’ ಅಂದಾಗ ಇದೆಲ್ಲ ಹೋಯ್ತು.

ಇನ್ನೊಂದು ಸಂಗತಿ. ಹಿಂದೆ ಇವರಲ್ಲಿ ಅತ್ತೆ ಅಳಿಯನ ಎದುರು, ಮಾವ ಸೊಸೆಯ ಎದುರು ಮಾಮೂಲಿ ಮಾತು ಆಡುವ ಹಾಗಿರಲಿಲ್ಲ. ಅದಕ್ಕೆಂದೇ ಜಲ್ಙುಯ್ ಎಂಬ ಬೇರೆ ಮಾತು. ವ್ಯಾಕರಣ ಅದೇ, ಪದಗಳು ಹೆಚ್ಚುಕಡಿಮೆ ಪೂರ್ತಿ ಬೇರೆ. ಮಾಮೂಲಿ ಮಾತಲ್ಲಿ ಹಲ್ಲಿ ಜಾತಿಯ ಒಂದೊಂದು ಪ್ರಾಣಿಗೂ ಒಂದೊಂದು ಹೆಸರು. ನೀಲಿ ನಾಲಿಗೆಯದಕ್ಕೆ ಬಂಗರ, ಕೊರಳಪಟ್ಟಿಯದಕ್ಕೆ ಬಿಯು. ಜಲ್ಙುಯ್‌ನಲ್ಲಿ ಇವೆಲ್ಲ ಸೇರಿ ‘ಜಿಜನ್’ ಒಂದೇ. ಅತ್ತೆ ಮುಂದೆ ಮಾತು ಕಮ್ಮಿ ಇರಬೇಕು, ಪದವೂ ಕಮ್ಮಿ. ಗಂಡನ ಹೆಸರು ಹೇಳದ, ರಾತ್ರಿ ಹಾವನ್ನು ‘ಹುಳ’ ಅನ್ನುವ ನಮ್ಮಜ್ಜಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು. ಅದೇ ಅಜ್ಜಿ ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಅಂತ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನನ್ನ ಮಗಳಿಗೆ ನಾಲ್ಕೂ ‘ಬೀ’. ಈ ವಿಷಯದಲ್ಲಿ ನಾನೂ ಸಾಚಾ ಅಲ್ಲ ಅಂತ ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಜಲ್ಙುಯ್ ಮಾತಾಡುವುದು 1930ರ ಸುಮಾರಿಗೇ ನಿಂತುಹೋಯ್ತು. ಮಾಮೂಲಿ ನುಡಿಯೂ ತಾನಾಗಿ ಸವೆದದ್ದಲ್ಲ. ಚಿನ್ನ, ಮರಮಟ್ಟು, ಕಬ್ಬು ಅಂತ ಬಿಳಿಯರು ಈ ಕಾಡಿಗೆ ನುಗ್ಗಿದರು, ಕೊಂದರು, ಓಡಿಸಿದರು. 1897ರ ಕ್ವೀನ್ಸ್‌ಲ್ಯಾಂಡ್ ಕಾಯ್ದೆ ಆದಿವಾಸಿಗಳನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಸಾಗಿಸುವ ಅಧಿಕಾರವನ್ನು ಅಧಿಕಾರಿಗಳ ಕೈಗೆ ಕೊಟ್ಟಿತು. 1914ರಲ್ಲಿ ಈಗಿನ ಮಿಷನ್ ಬೀಚ್ ಹತ್ತಿರ ಹಲ್ ರಿವರ್ ವಸತಿ ಮಾಡಿ ಅಲ್ಲಿಗೆ ತುಂಬಿದರು. 1918ರ ಮಾರ್ಚ್‌ನ ಚಂಡಮಾರುತ ಅದನ್ನು ನೆಲಸಮ ಮಾಡಿತು. ಉಳಿದವರನ್ನು ಸಮುದ್ರದಾಚೆ ಪಾಮ್ ದ್ವೀಪಕ್ಕೆ ಸಾಗಿಸಿದರು. ತಾಯಿನುಡಿ ಆಡಿದ್ದಕ್ಕೆ ಬೈಸಿಕೊಂಡು ಬೆಳೆದ ಮಕ್ಕಳು ಮುಂದೆ ತಮ್ಮ ಮಕ್ಕಳಿಗೆ ಏನು ಕಲಿಸಿಯಾರು? 1980ರ ದಶಕದಲ್ಲಿ ಅನೆಟ್ ಶ್ಮಿಟ್ ಎಂಬಾಕೆ ಇಲ್ಲಿಯ ಯುವಕರ ಮಾತನ್ನು ದಾಖಲಿಸಿದಾಗ ಆ ನಾಲ್ಕು ಗುಂಪುಗಳೇ ಕರಗುತ್ತಿದ್ದವು. ಕಥೆ ಗೊತ್ತಿದ್ದರೆ ಮಾತ್ರ ಗೊತ್ತಾಗುವ ವಿಂಗಡಣೆ ಮೊದಲು ಬಿದ್ದುಹೋಗಿತ್ತು.

ಇನ್ನು ‘ಲಿಪಿ ಇಲ್ಲ’ ಅನ್ನುವುದಕ್ಕೆ ಒಂದೇ ಉತ್ತರ. ಇಲ್ಲಿ ಈಚಮ್, ಬ್ಯಾರಿನ್ ಅಂತ ಜ್ವಾಲಾಮುಖಿಯ ಬಾಯಲ್ಲಿ ಆದ ಕೆರೆಗಳಿವೆ. ಇವು ಹುಟ್ಟಿದ ಕಥೆಯನ್ನು ಹಿರಿಯರೊಬ್ಬರು ಡಿಕ್ಸನ್‌ಗೆ ಹೇಳುವಾಗ, ಆಗ ಇಲ್ಲಿ ದಟ್ಟ ಕಾಡೇ ಇರಲಿಲ್ಲ, ಬಯಲು ಕುರುಚಲು ಇತ್ತು ಅಂದರಂತೆ. ಆಮೇಲೆ ಕೆರೆ ತಳದ ಮಣ್ಣಿನ ಪರಾಗ ಪರೀಕ್ಷಿಸಿದವರು ಅದೇ ಹೇಳಿದರು. ಈ ಮಳೆಕಾಡಿನ ವಯಸ್ಸು ಸುಮಾರು 7,600 ವರ್ಷ, ಕೆರೆಗಳು ಅದಕ್ಕಿಂತ ಹಳೆಯವು. ನಮ್ಮ ಹಲ್ಮಿಡಿ ಶಾಸನಕ್ಕೆ ಹೆಚ್ಚೆಂದರೆ 1,600 ವರ್ಷ.

ಹೋದ ಸೆಪ್ಟೆಂಬರ್ ರಜೆಯಲ್ಲಿ ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮವಿತ್ತು. ಇಲ್ಲಿಯದೇ ಆದಿವಾಸಿ ಅಜ್ಜಿಯೊಬ್ಬರು ಬಂದಿದ್ದರು. ತಮ್ಮ ಅಜ್ಜಿಯಿಂದ ಕೇಳಿ ಉಳಿದ ಪದಗಳು ಮಾತ್ರ ತಮ್ಮಲ್ಲಿವೆ, ಪೂರ್ತಿ ಮಾತು ಬರುವುದಿಲ್ಲ ಅಂತ ಮೊದಲೇ ಹೇಳಿದರು. ಮಕ್ಕಳಿಂದ ಒಂದೊಂದೇ ಹೆಸರು ಹೇಳಿಸಿದರು. ಗುಡ ಅಂದರೆ ನಾಯಿ, ಯುರಿ ಅಂದರೆ ಕಾಂಗರೂ, ಜಬನ್ ಅಂದರೆ ಹಾವುಮೀನು. ಜಿಗಿರ್‌ಜಿಗಿರ್ ಬಂದಾಗ ಎಲ್ಲ ಮಕ್ಕಳ ನಾಲಿಗೆ ತೊಡರಿತು. ಇಂಗ್ಲಿಷಿನ ನಾಲಿಗೆಗೆ ಆ ಗಟ್ಟಿ ‘ರ್’ ಬರುವುದಿಲ್ಲ. ನನ್ನ ಮಗಳು ಒಂದೇ ಸಲಕ್ಕೆ ಅಂದಳು. ಅಜ್ಜಿ ಹತ್ತಿರ ಕರೆದರು. ‘ಅಪ್ಪನಿಗೆ ಏನಂತಾರೆ ಹೇಳ್ತೀನಿ, ಅನ್ನು ನೋಡೋಣ’ ಅಂದು, ‘ಙುಮ’ ಅಂದರು.

ಕ ಖ ಗ ಘ ಙ. ಯಾವ ಪದಕ್ಕೂ ಬಾರದ ಅಕ್ಷರವನ್ನು ಯಾಕೆ ತಿದ್ದಬೇಕು ಅಂತ ಪ್ರತಿ ಭಾನುವಾರ ಜಗಳ ಆಡುವ ಹುಡುಗಿ ಅವಳು. ನನ್ನ ಕಡೆ ಒಮ್ಮೆ ನೋಡಿ, ನಿಧಾನವಾಗಿ ‘ಙು-ಮ’ ಅಂದಳು. ಅಜ್ಜಿ ಕೈ ತಟ್ಟಿ ನಕ್ಕರು. ‘ನಮ್ಮ ಮಕ್ಕಳಿಗೇ ಇದನ್ನ ಬಾಯಲ್ಲಿ ಕೂರಿಸೋಕೆ ನಂಗೆ ಒಂದು ವಾರ ಹಿಡೀತು. ನಿಂಗೆ ಯಾರು ಕಲಿಸಿದ್ದು?’ ಅಂತ ಕೇಳಿದರು. ‘ಕನ್ನಡ ಶಾಲೆ’ ಅಂದಳು ಮಗಳು.

ಮಾನ್ಯರೇ, ಆ ಶಾಲೆ ನಿಮ್ಮದು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ‘ಕನ್ನಡ್ ಗೊತ್ತಿಲ್ಲ’ ಅನ್ನುವವರ ಮೇಲೆ ನಮಗೆಲ್ಲ ಸಿಟ್ಟಿದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತಿಂಗಳಿಗೊಮ್ಮೆಯಾದರೂ ಆ ಜಗಳ ಇದ್ದೇ ಇರುತ್ತದೆ. ಹಾಗಾದರೆ ಇಲ್ಲಿ ನಾವು ಯಾರು? ಬಂದು ಹದಿನೈದು, ಇಪ್ಪತ್ತು ವರ್ಷವಾಯ್ತು. ಮನೆ ಕಟ್ಟಿದೆವು, ಪೌರತ್ವ ತೆಗೆದುಕೊಂಡೆವು. ನಿಂತ ನೆಲದ ನುಡಿಯಲ್ಲಿ ಒಂದು ಹಕ್ಕಿಯ ಹೆಸರು ಬರುತ್ತದೆಯೇ? ರಾಜ್ಯೋತ್ಸವದ ದಿನ ಮೈಕ್ ಹಿಡಿದು, ಈ ನೆಲದ ಮೂಲ ಒಡೆಯರಿಗೆ ನಮನ ಅಂತ ಇಂಗ್ಲಿಷಿನ ಒಂದು ವಾಕ್ಯವನ್ನು ಎಕ್ಸ್‌ಪ್ರೆಸ್ ರೈಲಿನ ಹಾಗೆ ಓದಿ ನಾಡಗೀತೆಗೆ ಹೋಗಿಬಿಡುತ್ತೇವೆ. ಆ ವಾಕ್ಯದಲ್ಲಿ ಬರುವ ಜನರ ಹೆಸರನ್ನು ಕಾರ್ಯದರ್ಶಿಗಳು ಪ್ರತಿವರ್ಷ ಬೇರೆ ಬೇರೆ ರೀತಿ ಓದುತ್ತಾರೆ. ಇದನ್ನು ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ.

ನಾನು ಕೇಳುವುದು ಬೆಟ್ಟದಂಥದ್ದೇನೂ ಅಲ್ಲ. ಮೊದಲಿಗೆ, ಆ ‘ನಂಗೊತ್ತಿಲ್ಲ’ ಕಥೆಯನ್ನು ದಯವಿಟ್ಟು ನಿಲ್ಲಿಸಿ. ಹೇಳಲೇಬೇಕೆಂದರೆ ಪೂರ್ತಿ ಹೇಳಿ, ನಿಜವಾದ ಕಥೆಯೇ ಜಾಸ್ತಿ ಚೆನ್ನಾಗಿದೆ. ಆಮೇಲೆ, ಪ್ರಾಣಿಗಳ ಪಾಠ ಬಂದಾಗ ಆಯಾ ಊರಿನ ನುಡಿಯ ಐದೋ ಆರೋ ಹೆಸರು ಸೇರಿಸಿ. ಸಿಡ್ನಿಯವರಿಗಂತೂ ಅರ್ಧ ಕೆಲಸ ಆಗಿಯೇ ಇದೆ. ಡಿಂಗೊ, ವಾಲಬಿ, ವಾಂಬ್ಯಾಟ್, ಕೋಆಲಾ ಎಲ್ಲ ಅಲ್ಲಿಯ ಧರುಗ್ ನುಡಿಯಿಂದಲೇ ಬಂದವು. ಅದನ್ನು ಮಕ್ಕಳಿಗೆ ಹೇಳಿದರೆ ಸಾಕು. ಕೈರ್ನ್ಸ್ ಸುತ್ತಲಿನವರು ಯಿಡಿಞ್ ನುಡಿಯ ‘ಗಿಂಡಜ’ದಿಂದ ಶುರು ಮಾಡಬಹುದು. ಅದು ಕ್ಯಾಸೊವರಿ, ಆಳೆತ್ತರದ ಹಕ್ಕಿ. ಅದರಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವುದು ಅಪ್ಪ. ನಮ್ಮ ಗಂಡಸರಿಗೂ ಪಾಠವಾದೀತು.

ಆದರೆ ಒಂದು ಮಾತು. ಇಂಟರ್‌ನೆಟ್ಟಿನಿಂದ ಎತ್ತಿ ಚಾರ್ಟ್ ಮಾಡಬೇಡಿ. ಈ ಹೆಸರುಗಳಿಗೆ ಒಡೆಯರಿದ್ದಾರೆ. ಬರೆಯುವ ರೀತಿ ಊರಿಂದೂರಿಗೆ ಬೇರೆ, ಕೆಲವು ಪದ, ಕಥೆಗಳನ್ನು ಹೊರಗಿನವರಿಗೆ ಹೇಳಲು ಅವರಿಗೆ ಇಷ್ಟವಿಲ್ಲದೆಯೂ ಇರಬಹುದು. ಹತ್ತಿರದ ಆದಿವಾಸಿ ಭಾಷಾ ಕೇಂದ್ರಕ್ಕೋ ಹಿರಿಯರಿಗೋ ಪತ್ರ ಬರೆದು, ಒಪ್ಪಿಗೆ ಕೇಳಿ, ಕರೆಸಿ. ಕರೆಸಿದರೆ ಹಾರ, ಶಾಲು, ಮೈಸೂರು ಪಾಕಿನಲ್ಲಿ ಮುಗಿಸದೆ ಸರಿಯಾದ ಸಂಭಾವನೆ ಕೊಡಿ. ಊರಿಂದ ಬರುವ ಹಾಸ್ಯ ಕಲಾವಿದರಿಗೆ ವಿಮಾನದ ಟಿಕೆಟ್ ಸಮೇತ ಕೊಡುತ್ತೇವಲ್ಲ, ಆ ಲೆಕ್ಕದಲ್ಲಿ ಇದು ಏನೂ ಅಲ್ಲ. ಬೇಡ ಅಂದರೆ ಬಿಟ್ಟುಬಿಡೋಣ. ಕಾರ್ಯದರ್ಶಿಗಳು ಆ ಒಂದು ವಾಕ್ಯವನ್ನಾದರೂ ಅವರ ಹತ್ತಿರ ಕೂತು ಸರಿಯಾಗಿ ಓದಲು ಕಲಿಯಲಿ.

ಇದಕ್ಕೆ ಟೈಮ್ ಎಲ್ಲಿದೆ, ಮಕ್ಕಳಿಗೆ ಕನ್ನಡವೇ ಸರಿಯಾಗಿ ಬರುವುದಿಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೈಬ್ರರಿಯಿಂದ ಬಂದ ಮೇಲೆ ಮಗಳು ಮಾಡಿದ್ದನ್ನು ಹೇಳುತ್ತೇನೆ. ಗೋಡೆಯ ವರ್ಣಮಾಲೆ ಚಾರ್ಟಿನಲ್ಲಿ ಙ ಇರುವ ಮನೆಗೆ ಚಿತ್ರವೇ ಇರಲಿಲ್ಲ. ಅಲ್ಲಿ ಅವಳು ತನ್ನಪ್ಪನ ಚಿತ್ರ ಬರೆದು ಅಂಟಿಸಿದಳು. ಮೀಸೆ ಸ್ವಲ್ಪ ಜಾಸ್ತಿಯಾಗಿದೆ. ಙ ತಿದ್ದುವುದಕ್ಕೆ ಆಮೇಲೆ ಒಂದು ಸಲವೂ ಜಗಳ ಆಡಿಲ್ಲ. ಪಕ್ಕದ ಞ ಇನ್ನೂ ಖಾಲಿ ಇದೆ. ಅದಕ್ಕೂ ಒಂದು ಪದ ಬೇಕಂತೆ, ಸಾಧ್ಯವಾದರೆ ಪ್ರಾಣಿಯೇ ಆಗಬೇಕಂತೆ. ಮುಂದಿನ ರಜೆಯಲ್ಲಿ ಆ ಅಜ್ಜಿಯನ್ನು ಕೇಳಬೇಕು.

ಮುಂದಿನ ಟರ್ಮ್‌ನ ಪಾಠಪಟ್ಟಿ ಮಾಡುವಾಗ ಈ ಪತ್ರ ಸಭೆಯ ಮುಂದೆ ಬರಲಿ ಎಂದು ಕೋರುತ್ತೇನೆ. ನಮ್ಮ ಕಡೆಯ ಭಾಷಾ ಕೇಂದ್ರಕ್ಕೆ ಓಡಾಡುವ ಕೆಲಸ ಇದ್ದರೆ ಅದು ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಕನ್ನಡ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ
ಆಥರ್ಟನ್ ಪ್ರಸ್ಥಭೂಮಿ, ಕ್ವೀನ್ಸ್‌ಲ್ಯಾಂಡ್